ಎರಡು ಕಾರ್ಡಿಗೆ ಒಂದೇ ರಕ್ತ

ಮುಖ ನೋಡಿ ಜನರನ್ನು ಗುರುತು ಹಿಡಿಯುವುದು ನನಗೆ ಅಷ್ಟಾಗಿ ಬರುವುದಿಲ್ಲ. ತೋಳು ನೋಡಿದರೆ ಹೇಳುತ್ತೇನೆ. ಯಾರ ನರ ಬಲಗೈಯಲ್ಲಿ ಎದ್ದು ಕಾಣುತ್ತದೆ, ಯಾರದು ಸೂಜಿ ಮುಟ್ಟಿದ ಕೂಡಲೇ ಪಕ್ಕಕ್ಕೆ ಜಾರುತ್ತದೆ, ಯಾರಿಗೆ ಬಿಸಿನೀರಿನ ಬಟ್ಟೆ ಒತ್ತಿ ಕಾಯಬೇಕು, ಇವೆಲ್ಲ ಒಮ್ಮೆ ನೋಡಿದರೆ ನನ್ನ ಬೆರಳಿಗೆ ನೆನಪಿರುತ್ತದೆ. ರಕ್ತ ತೆಗೆಯುವವಳಿಗೆ ಇದಕ್ಕಿಂತ ದೊಡ್ಡ ವಿದ್ಯೆ ಬೇಡ ಎಂದು ನಂಬಿದ್ದೆ. ಹೇಳಿಕೊಂಡು ತಿರುಗುತ್ತಲೂ ಇದ್ದೆ. ಆ ಜಂಬ ಇಳಿದ ವರ್ಷದ ಕಥೆ ಇದು.

ಕೋವಿಡ್ ಲಸಿಕೆಯ ಮೂರನೇ ಡೋಸನ್ನು ಎಲ್ಲರೂ ಬೂಸ್ಟರ್ ಎನ್ನುತ್ತಿದ್ದರು. ಅದು ಕೊಟ್ಟ ರಕ್ಷಣೆ ಅರವತ್ತು ದಾಟಿದವರ ಮೈಯಲ್ಲಿ ಎಷ್ಟು ತಿಂಗಳು ನಿಲ್ಲುತ್ತದೆ ಎಂದು ತಿಳಿಯಲು ಒಂದು ವೈದ್ಯಕೀಯ ಸಂಸ್ಥೆ ಪೀಣ್ಯದ ಸುತ್ತಮುತ್ತ ಅಧ್ಯಯನ ಶುರುಮಾಡಿತ್ತು. ನಾನು ಅದರ ಲ್ಯಾಬ್ ಟೆಕ್ನಿಷಿಯನ್. ಅಧ್ಯಯನದ ಮುಖ್ಯಸ್ಥೆಯನ್ನು ನಾವು ಡಾಕ್ಟರ್ ಮೇಡಂ ಎನ್ನುತ್ತಿದ್ದೆವು. ಬಾಗಲಗುಂಟೆಯ ನಿವೃತ್ತ ಕಾರ್ಖಾನೆ ನೌಕರರ ಸಂಘದವರು ತಮ್ಮ ಸಭಾಂಗಣದ ಹಿಂದಿನ ಕೋಣೆ ಬಿಟ್ಟುಕೊಟ್ಟಿದ್ದರು. ಒಂದೇ ಶಿಬಿರದಲ್ಲಿ ಬೂಸ್ಟರ್ ಹಾಕಿಸಿಕೊಂಡ ಅವರ ಸದಸ್ಯರಿಂದಲೇ ನಾಲ್ಕು ಸುತ್ತು ರಕ್ತ ತೆಗೆಯಬೇಕಿತ್ತು. ಡೋಸ್ ಆದ ಒಂದು ತಿಂಗಳಿಗೆ, ನಾಲ್ಕು ತಿಂಗಳಿಗೆ, ಎಂಟು ತಿಂಗಳಿಗೆ, ಕೊನೆಗೆ ವರ್ಷ ತುಂಬಿದ ಮೇಲೆ. ಅದೇ ಮನುಷ್ಯ, ಅದೇ ಮೈ, ನಾಲ್ಕು ಸಲ. ಲಸಿಕೆಯಿಂದ ಹುಟ್ಟಿದ ಪ್ರತಿಕಾಯ, ಅಂದರೆ ಆಂಟಿಬಾಡಿ, ಒಂದು ಸುತ್ತಿನಿಂದ ಇನ್ನೊಂದಕ್ಕೆ ಎಷ್ಟು ಇಳಿಯಿತು ಎಂದು ನೋಡುವುದೇ ಇಡೀ ಕೆಲಸ.

ಹೇಳುವುದಕ್ಕೆ ಸುಲಭ. ರಕ್ತ ತೆಗೆದು ಹಳದಿ ಮುಚ್ಚಳದ ಟ್ಯೂಬಿಗೆ ತುಂಬಬೇಕು. ಅದು ಹೆಪ್ಪುಗಟ್ಟಲು ಅರ್ಧ ಗಂಟೆ ನಿಲ್ಲಿಸಬೇಕು. ಸೆಂಟ್ರಿಫ್ಯೂಜ್ ಎಂಬ ಯಂತ್ರದಲ್ಲಿ ತಿರುಗಿಸಿದರೆ ಮೇಲೆ ತಿಳಿಯಾದ ಸೀರಮ್ ನಿಲ್ಲುತ್ತದೆ. ಅದನ್ನು ಎರಡು ಪುಟ್ಟ ಶೀಶೆಗಳಿಗೆ ಹಾಕಿ, ಒಂದು ಪರೀಕ್ಷೆಗೆ, ಇನ್ನೊಂದು ಮುಂದೆ ಬೇಕಾದೀತೆಂದು, ನಂಬರಿನ ಚೀಟಿ ಅಂಟಿಸಿ ಐಸ್ ಪೆಟ್ಟಿಗೆಯಲ್ಲಿಟ್ಟು ಬಿಸಿಲೇರುವ ಮೊದಲು ಲ್ಯಾಬಿಗೆ ಮುಟ್ಟಿಸಬೇಕು. ಮೊದಲ ಸುತ್ತಿನಲ್ಲೇ ಕರೆಂಟು ಕೈಕೊಟ್ಟಿತು. ಹೆಪ್ಪುಗಟ್ಟಿದ ಟ್ಯೂಬುಗಳು ಸಾಲಾಗಿ ನಿಂತಿವೆ, ಯಂತ್ರ ತಿರುಗುವುದಿಲ್ಲ. ಕೊನೆಗೆ ಸೆಂಟ್ರಿಫ್ಯೂಜನ್ನು ಆಟೋದಲ್ಲಿ ಹಾಕಿಕೊಂಡು ಎರಡು ರಸ್ತೆ ಆಚೆಯ ಒಂದು ವರ್ಕ್‌ಶಾಪಿಗೆ ಹೋಗಿ, ಅವರ ಜನರೇಟರಿಗೆ ಸಿಕ್ಕಿಸಿ ತಿರುಗಿಸಿದೆವು. ಆ ವರ್ಕ್‌ಶಾಪ್ ಹುಡುಕಿಕೊಟ್ಟವರು ಸಂಘದ ಸದಸ್ಯರೇ ಆದ ಒಬ್ಬ ಟರ್ನರ್.

ಮೂವತ್ತು ವರ್ಷ ಕಬ್ಬಿಣ ಕಡೆಯುವ ಲೇತ್ ಯಂತ್ರದ ಮುಂದೆ ನಿಂತ ಮನುಷ್ಯ. ಬಿಸಿ ಕಬ್ಬಿಣದ ಚೂರು ಸಿಡಿದು ಸಿಡಿದು ಅವರ ಎರಡೂ ಮುಂಗೈ ಮೇಲೆ ಸಾಸಿವೆ ಚೆಲ್ಲಿದ ಹಾಗೆ ಕಪ್ಪು ಚುಕ್ಕೆಗಳಿದ್ದವು. ನರ ಹಗ್ಗದಂತೆ ಎದ್ದಿರುತ್ತಿತ್ತು, ಕಣ್ಣು ಮುಚ್ಚಿ ಚುಚ್ಚಬಹುದು. ಬಾಯಿ ಮಾತ್ರ ಒಂದು ನಿಮಿಷ ಸುಮ್ಮನಿರುತ್ತಿರಲಿಲ್ಲ. ಬೂಸ್ಟರಿಗೆ ಗ್ಯಾರಂಟಿ ಎಷ್ಟು ತಿಂಗಳು ಎಂದು ಮೊದಲ ದಿನವೇ ಕೇಳಿದ್ದರು. ಅದು ಗೊತ್ತಿದ್ದರೆ ನಿಮ್ಮ ರಕ್ತ ಯಾಕೆ ತೆಗೀತಿದ್ದೆವು ಎಂದೆ. "ಟೂಲ್ ಇದ್ದಂಗೆ ಅನ್ನು. ಅಂಚು ಸವೀತಾ ಬರುತ್ತೆ, ಯಾವಾಗ ಸಾಣೆ ಹಿಡೀಬೇಕು ಅನ್ನೋದೇ ಪ್ರಶ್ನೆ," ಎಂದು ಅವರೇ ಉತ್ತರ ಕೊಟ್ಟುಕೊಂಡರು. ಡಾಕ್ಟರ್ ಮೇಡಂ ಒಂದು ತಾಸು ವಿವರಿಸಿದ್ದನ್ನು ಅವರು ಒಂದು ಮಾತಿನಲ್ಲಿ ಮುಗಿಸಿದ್ದರು.

ಅವರ ಜೊತೆ ಸದಾ ಬರುತ್ತಿದ್ದವರು ಅದೇ ಕಾರ್ಖಾನೆಯ ಇನ್‌ಸ್ಪೆಕ್ಟರ್. ಟರ್ನರ್ ಕಡೆದ ಭಾಗಗಳನ್ನು ಅಳೆದು, ಕೂದಲೆಳೆಯಷ್ಟು ಹೆಚ್ಚುಕಡಿಮೆ ಇದ್ದರೂ ಪಕ್ಕಕ್ಕೆ ಎಸೆಯುತ್ತಿದ್ದವರು. ಇಬ್ಬರೂ ಒಂದೇ ಎತ್ತರ, ಒಂದೇ ಬಡಕಲು ಮೈ. ಬಾಗಲಗುಂಟೆಯಲ್ಲಿ ಒಂದೇ ಬೀದಿಯಲ್ಲಿ ಮನೆ. ಇನ್‌ಸ್ಪೆಕ್ಟರ್ ಮಾತಾಡುತ್ತಿರಲಿಲ್ಲ, ಕೇಳಿದ್ದಕ್ಕೆ ತಲೆಯಾಡಿಸುತ್ತಿದ್ದರು. ಅವರ ನರವೋ, ನನ್ನ ಪಾಲಿಗೆ ಶತ್ರು. ಸಕ್ಕರೆ ಕಾಯಿಲೆಯ ತೋಳು, ದಾರದಂಥ ನರ, ಚುಚ್ಚಿದರೆ ಜಾರುತ್ತಿತ್ತು. ಮೊದಲ ಸುತ್ತಿನಲ್ಲಿ ಮಕ್ಕಳಿಗೆ ಬಳಸುವ ಸಣ್ಣ ಸೂಜಿ ಹಿಡಿದೂ ಎರಡು ಸಲ ಚುಚ್ಚಬೇಕಾಯಿತು. ಎರಡನೇ ಸುತ್ತಿನಲ್ಲಿ ತೋಳಿನ ಆಸೆ ಬಿಟ್ಟು ಅಂಗೈ ಹಿಂಬದಿಯಿಂದ ತೆಗೆದೆ. ಅವರು ಒಮ್ಮೆಯೂ ಮುಖ ಸಿಂಡರಿಸಲಿಲ್ಲ.

ಎರಡನೇ ಸುತ್ತಿನಲ್ಲಿ ಹಲವರು ಬರಲಿಲ್ಲ. ಒಬ್ಬರು ಮಗಳ ಮನೆಗೆ, ಒಬ್ಬರು ತೀರ್ಥಯಾತ್ರೆಗೆ, ಇನ್ನೊಬ್ಬರಿಗೆ ಮರೆತೇಹೋಗಿತ್ತಂತೆ. ನನಗೆ ಸಿಟ್ಟು ಬಂದಿತ್ತು. ಸಂಘದ ಸಭೆಯಲ್ಲಿ ಎದ್ದು ನಿಂತು, ಇನ್ನು ಮುಂದೆ ಒಂದು ಸುತ್ತು ತಪ್ಪಿಸಿದರೂ ಹೆಸರು ಹೊಡೆದುಹಾಕುತ್ತೇವೆ ಎಂದುಬಿಟ್ಟೆ. ಅಂಥ ನಿಯಮ ಯಾವ ಕಾಗದದಲ್ಲೂ ಇರಲಿಲ್ಲ. ಹೆದರಿಸಿದರೆ ಬರುತ್ತಾರೆ ಎಂದು ನಾನೇ ಹುಟ್ಟಿಸಿದ್ದು. ಜೀವಮಾನವೆಲ್ಲ ಹಾಜರಿ ಕಾರ್ಡಿಗೆ ಅಂಜಿ ಬದುಕಿದ ಜನ, ಸಭೆ ಗಪ್‌ಚಿಪ್ ಆಯಿತು. ಒಳ್ಳೆಯ ಕೆಲಸ ಮಾಡಿದೆ ಎಂದುಕೊಂಡೆ.

ಮೂರನೇ ಸುತ್ತು ಡಿಸೆಂಬರಿನ ಚಳಿಯಲ್ಲಿ ಬಂತು. ಶನಿವಾರ ಅರ್ಧ ಜನ, ಭಾನುವಾರ ಅರ್ಧ ಜನ. ಎಲ್ಲರೂ ಮಾಸ್ಕು, ಮಂಕಿ ಕ್ಯಾಪು, ಸ್ವೆಟರು. ಕಣ್ಣು ಬಿಟ್ಟರೆ ಮುಖದಲ್ಲಿ ಇನ್ನೇನೂ ಕಾಣುತ್ತಿರಲಿಲ್ಲ. ಪ್ರತಿಯೊಬ್ಬರಿಗೂ ನಂಬರಿದ್ದ ಒಂದು ಹಸಿರು ಕಾರ್ಡು ಕೊಟ್ಟಿದ್ದೆವು. ಅದರಲ್ಲಿ ಫೋಟೋ ಇರಲಿಲ್ಲ. ಮನುಷ್ಯನನ್ನು ನಾನು ನೋಡಬೇಕು, ಹೆಸರು ಮತ್ತು ಹುಟ್ಟಿದ ವರ್ಷ ಅವರ ಬಾಯಿಂದಲೇ ಹೇಳಿಸಬೇಕು ಎಂದು ನಮ್ಮ ಕೈಪಿಡಿಯಲ್ಲಿ ಬರೆದಿತ್ತು. ನಾನು ಕಾರ್ಡು ನೋಡಿ, ಹೆಸರನ್ನು ನಾನೇ ಓದಿ, ಅವರು ತಲೆಯಾಡಿಸಿದರೆ ಸೂಜಿ ಎತ್ತಿಕೊಳ್ಳುತ್ತಿದ್ದೆ.

ಶನಿವಾರ ಟರ್ನರ್ ಬಂದು ಬಲಗೈ ಕೊಟ್ಟು, ಎಂದಿನಂತೆ ಹರಟಿ ಹೋದರು. ಭಾನುವಾರ ಇನ್‌ಸ್ಪೆಕ್ಟರ್ ಕಾರ್ಡು ಬಂತು. ಹೆಸರು ಓದಿದೆ, ತಲೆ ಆಡಿತು. ಎಡಗೈ ಮುಂದೆ ಬಂತು. ನಾನು ಸಣ್ಣ ಸೂಜಿ ತೆಗೆದಿಟ್ಟುಕೊಂಡು ಯುದ್ಧಕ್ಕೆ ಸಿದ್ಧಳಾಗಿ ತೋಳಿಗೆ ಪಟ್ಟಿ ಕಟ್ಟಿದರೆ, ನರ ತಾನಾಗಿಯೇ ಎದ್ದು ನಿಂತಿತು. ಮಾಮೂಲಿ ಸೂಜಿ, ಒಂದೇ ಚುಚ್ಚು. ಏನ್ ಸಾರ್, ಚೆನ್ನಾಗಿ ನೀರು ಕುಡಿದು ಬಂದಿದ್ದೀರಾ ಎಂದು ನಕ್ಕೆ. ಮತ್ತೆ ತಲೆ ಆಡಿತು. ಆ ಮುಂಗೈ ಮೇಲೆ ಕಪ್ಪು ಚುಕ್ಕೆಗಳಿದ್ದವು. ನೋಡಿದ್ದೆ ಎಂದು ಈಗ ಪ್ರಮಾಣ ಮಾಡಿ ಹೇಳಬಲ್ಲೆ. ಆದರೆ ಆ ಹೊತ್ತಿನಲ್ಲಿ ನನ್ನ ಕೈಚಳಕಕ್ಕೆ ನಾನೇ ಮರುಳಾಗಿದ್ದೆ.

ಪರೀಕ್ಷೆ ಮುಗಿದ ಮೇಲೆ ಪ್ರತಿಯೊಬ್ಬರಿಗೂ ಅವರವರ ಪ್ರತಿಕಾಯದ ಸಂಖ್ಯೆ ಬರೆದ ಒಂದು ಚೀಟಿ ಕೊಡುತ್ತಿದ್ದೆವು. ಇಷ್ಟಿದ್ದರೆ ಕ್ಷೇಮ, ಇಷ್ಟಿದ್ದರೆ ಅಪಾಯ ಎಂದು ಅದರಲ್ಲಿ ಬರೆಯುತ್ತಿರಲಿಲ್ಲ. ಹಾಗೆ ಗೆರೆ ಎಳೆಯಲು ಬರುವುದಿಲ್ಲ, ರಕ್ತದಲ್ಲಿ ಕಾಣುವ ಪ್ರತಿಕಾಯವೊಂದೇ ರಕ್ಷಣೆಯಲ್ಲ, ಮೈಯೊಳಗೆ ಅದನ್ನು ಮತ್ತೆ ಹುಟ್ಟಿಸುವ ನೆನಪೂ ಇರುತ್ತದೆ ಎಂದು ಡಾಕ್ಟರ್ ಮೇಡಂ ಪ್ರತಿ ಸಲ ಹೇಳುತ್ತಿದ್ದರು. ಯಾರು ಕೇಳಬೇಕು? ಸಂಘದ ಕಟ್ಟೆಯ ಮೇಲೆ ಕೂತು ಪರೀಕ್ಷೆಯ ಮಾರ್ಕ್ಸ್ ಹೋಲಿಸಿದ ಹಾಗೆ ಹೋಲಿಸುತ್ತಿದ್ದರು.

ಜನವರಿ ಕೊನೆಯಲ್ಲಿ ಡಾಕ್ಟರ್ ಮೇಡಂ ನನ್ನನ್ನು ಕರೆಸಿದರು. ಎಲ್ಲರ ಸಂಖ್ಯೆಯೂ ಸುತ್ತಿನಿಂದ ಸುತ್ತಿಗೆ ಇಳಿದಿದೆ, ಕೆಲವರದು ಬೇಗ, ಕೆಲವರದು ನಿಧಾನವಾಗಿ. ಮಧ್ಯೆ ಸೋಂಕು ತಗಲಿದವರದು ಏರಿದೆ, ಅದೂ ಸರಿಯೇ. ಆದರೆ ಒಬ್ಬರದು ಎರಡನೇ ಸುತ್ತಿನಲ್ಲಿ ಧಡ್ಡನೆ ಇಳಿದು ಮೂರನೇ ಸುತ್ತಿನಲ್ಲಿ ಮೇಲೆ ಹೋಗಿದೆ. ಸೋಂಕು ಬಂದು ಹೋಗಿದ್ದರೆ ರಕ್ತದಲ್ಲಿ ಬೇರೆಯದೇ ಒಂದು ಗುರುತು ಉಳಿಯಬೇಕಿತ್ತು. ಅದಿಲ್ಲ. ಇನ್ನೊಂದು ಡೋಸ್ ತೆಗೆದುಕೊಂಡ ದಾಖಲೆಯೂ ಇಲ್ಲ. ಎರಡನೇ ಶೀಶೆ ತೆಗೆದು ಮತ್ತೆ ಪರೀಕ್ಷಿಸಿದರೂ ಅದೇ ಸಂಖ್ಯೆ. ಅದು ಇನ್‌ಸ್ಪೆಕ್ಟರ್ ನಂಬರು.

ಶೀಶೆಗಳ ನಂಬರಿನ ಚೀಟಿ ಅದಲುಬದಲಾಗಿರಬಹುದೇ ಎಂದು ಅವರು ಕೇಳಿದರು. ಕುಂಬಳಕಾಯಿ ಕಳ್ಳ ಎಂದರೆ ಹೆಗಲು ಮುಟ್ಟಿ ನೋಡಿಕೊಂಡ ಹಾಗೆ, ನನ್ನ ಕೈಯಲ್ಲಿ ಅಂಥ ತಪ್ಪು ಆಗುವುದಿಲ್ಲ ಎಂದು ಅವರು ಮಾತು ಮುಗಿಸುವ ಮೊದಲೇ ಗಟ್ಟಿಯಾಗಿ ಹೇಳಿದೆ. ಅವರು ಒತ್ತಾಯಿಸಲಿಲ್ಲ. ಕಾರಣ ತಿಳಿಯದ ಒಂದು ಸಂಖ್ಯೆ ಎಂದು ಟಿಪ್ಪಣಿ ಹಾಕಿ ಆ ಒಬ್ಬರನ್ನು ಪಟ್ಟಿಯಿಂದ ಬಿಡೋಣ, ಇಂಥದ್ದು ಎಲ್ಲ ಅಧ್ಯಯನದಲ್ಲೂ ಒಂದೆರಡು ಇರುತ್ತದೆ ಎಂದರು. ಅಲ್ಲಿಗೆ ಮುಗಿಯಬಹುದಿತ್ತು.

ನನಗೊಂದು ಚಾಳಿ. ಅಧ್ಯಯನದ ಫಾರಂ ಬಿಟ್ಟು ನನ್ನದೇ ಒಂದು ನೋಟ್‌ಬುಕ್ಕಿನಲ್ಲಿ ಯಾವ ಕೈ, ಯಾವ ಸೂಜಿ, ಎಷ್ಟು ಚುಚ್ಚು ಎಂದು ಬರೆದಿಡುತ್ತೇನೆ, ಮುಂದಿನ ಸಲ ಒದ್ದಾಡದಿರಲಿ ಎಂದು. ಆ ಮಧ್ಯಾಹ್ನ ಊಟದ ಡಬ್ಬಿ ಪಕ್ಕಕ್ಕೆ ಸರಿಸಿ ಅದನ್ನು ತೆರೆದೆ. ಮೊದಲ ಸುತ್ತು: ಎಡಗೈ, ಸಣ್ಣ ಸೂಜಿ, ಎರಡು ಸಲ. ಎರಡನೇ ಸುತ್ತು: ಅಂಗೈ ಹಿಂಬದಿ, ಸಣ್ಣ ಸೂಜಿ. ಮೂರನೇ ಸುತ್ತು: ಎಡಗೈ, ಮಾಮೂಲಿ ಸೂಜಿ, ಒಂದೇ ಸಲ, ಪಕ್ಕದಲ್ಲಿ ನನ್ನದೇ ಅಕ್ಷರದಲ್ಲಿ 'ಸೂಪರ್'. ಏಳು ತಿಂಗಳಲ್ಲಿ ಸಕ್ಕರೆ ಕಾಯಿಲೆಯ ನರ ದಪ್ಪವಾಗುವುದಿಲ್ಲ. ಪುಟ ತಿರುಗಿಸಿ ಟರ್ನರ್ ಸಾಲು ನೋಡಿದೆ. ಬಲಗೈ, ಮಾಮೂಲಿ ಸೂಜಿ, ಒಂದೇ ಸಲ, ಹಿಂದಿನ ದಿನ. ಕಂಪ್ಯೂಟರಿನಲ್ಲಿ ಇಬ್ಬರ ಮೂರನೇ ಸುತ್ತಿನ ಸಂಖ್ಯೆಗಳನ್ನು ಅಕ್ಕಪಕ್ಕ ಇಟ್ಟೆ. ಹೆಚ್ಚುಕಡಿಮೆ ಒಂದೇ.

ನಮ್ಮಪ್ಪನೂ ಪೀಣ್ಯದ ಒಂದು ಕಾರ್ಖಾನೆಯಲ್ಲಿದ್ದವರು. ರಾಜಗೋಪಾಲನಗರದ ನಮ್ಮ ಮನೆಯಲ್ಲಿ ನಾನು ಕೇಳಿ ಬೆಳೆದ ಮಾತೆಂದರೆ ಪಂಚ್. ಜೊತೆಗಾರನ ಬಸ್ಸು ತಡವಾದರೆ, ಹೆಂಡತಿಗೆ ಹೆರಿಗೆಯಾದರೆ, ಅವನ ಕಾರ್ಡನ್ನೂ ತಾನೇ ಗಡಿಯಾರದ ಯಂತ್ರಕ್ಕೆ ಒತ್ತುವುದು. ಸಿಕ್ಕಿಬಿದ್ದರೆ ಇಬ್ಬರಿಗೂ ಸಸ್ಪೆಂಡ್. ಆದರೂ ಒತ್ತದವನನ್ನು ಗೆಳೆಯ ಎನ್ನುತ್ತಿರಲಿಲ್ಲ. ಹೆಸರು ಹೊಡೆದುಹಾಕುತ್ತೇವೆ ಎಂದು ಸಭೆಯಲ್ಲಿ ಗುಡುಗಿದವಳು ನಾನು. ಟರ್ನರ್ ಪಂಚ್ ಮಾಡಿದ್ದರು, ಅಷ್ಟೇ. ಕಾರ್ಡಿನ ಬದಲು ತೋಳು ಕೊಟ್ಟಿದ್ದರು.

ಮರುದಿನ ಬೆಳಿಗ್ಗೆ ಅವರ ಬೀದಿಯ ಕೊನೆಯ ಪಾರ್ಕಿನಲ್ಲಿ ಟರ್ನರ್ ಸಿಕ್ಕಿದರು. ಎಡಗೈ ತೋರಿಸಿ ಸಾರ್ ಎಂದೆ. ಯಾಕೆ ಎಂದು ಅವರು ಕೇಳಲಿಲ್ಲ. ಷರ್ಟಿನ ತೋಳು ಮಡಿಚಿ ಕೈ ಮುಂದಿಟ್ಟು ಬೇರೆ ಕಡೆ ನೋಡಿದರು. ಚುಕ್ಕೆಗಳು ಅಲ್ಲೇ ಇದ್ದವು.

ನಿಧಾನವಾಗಿ ಎಲ್ಲ ಹೇಳಿದರು. ಎರಡನೇ ಸುತ್ತಾದ ಮೇಲೆ ಇನ್‌ಸ್ಪೆಕ್ಟರಿಗೆ ರಕ್ತದ ಕ್ಯಾನ್ಸರ್ ಎಂದು ಗೊತ್ತಾಗಿತ್ತು. ನಿಧಾನವಾಗಿ ಬೆಳೆಯುವ ಬಗೆ, ಮಾತ್ರೆ ಶುರುವಾಗಿತ್ತು. ಮೂರನೇ ಸುತ್ತಿನ ದಿನ ಅವರು ಆಸ್ಪತ್ರೆಯಲ್ಲಿದ್ದರು. ಇಬ್ಬರ ಹಸಿರು ಕಾರ್ಡೂ ಯಾವಾಗಲೂ ಟರ್ನರ್ ಸ್ಕೂಟರಿನ ಡಿಕ್ಕಿಯಲ್ಲೇ ಇರುತ್ತಿದ್ದವು. ಮೂವತ್ತು ವರ್ಷದಲ್ಲಿ ಒಂದು ಆಬ್ಸೆಂಟ್ ಇಲ್ಲದ ಮನುಷ್ಯನ ಹೆಸರು ಹೊಡೆದುಹೋಗಬಾರದು ಎಂದು ಇವರೇ ಬಂದು ಕೂತಿದ್ದರು. ಗೆಳೆಯನಿಗೆ ಮಾತ್ರ, ಆಸ್ಪತ್ರೆಯಲ್ಲಿ ತೆಗೆದ ರಕ್ತವನ್ನೇ ಅಧ್ಯಯನದವರು ತರಿಸಿಕೊಂಡರಂತೆ ಎಂದು ಸುಳ್ಳು ಹೇಳಿದ್ದರು.

ಅಷ್ಟರಲ್ಲೇ ನಿಂತಿದ್ದರೆ ಒಂದು ಮಾತು. ಚೀಟಿ ಬಂತು. ಆಸ್ಪತ್ರೆಯವರು ಇನ್‌ಸ್ಪೆಕ್ಟರಿಗೆ ಸ್ಪಷ್ಟವಾಗಿ ಹೇಳಿದ್ದರು: ಈ ಕಾಯಿಲೆಯಲ್ಲಿ ಲಸಿಕೆ ಹಾಕಿಸಿಕೊಂಡರೂ ಮೈ ಹೆಚ್ಚು ರಕ್ಷಣೆ ಹುಟ್ಟಿಸುವುದಿಲ್ಲ, ಗುಂಪಿಗೆ ಹೋಗಬೇಡಿ, ಮಾಸ್ಕ್ ತೆಗೆಯಬೇಡಿ, ಜ್ವರ ಬಂದ ದಿನವೇ ಬನ್ನಿ, ಕೋವಿಡ್ ಮಾತ್ರೆ ಮೊದಲ ಕೆಲವು ದಿನದಲ್ಲಿ ಕೊಟ್ಟರೆ ಮಾತ್ರ ಫಲ. ಚೀಟಿಯಲ್ಲಿ ಸಂಖ್ಯೆ ಏರಿದ್ದನ್ನು ನೋಡಿ ಮನೆಯವರೆಲ್ಲ ಆ ಮಾತನ್ನು ಗಾಳಿಗೆ ತೂರಿದ್ದರು. ಇನ್ನು ಹತ್ತು ದಿನಕ್ಕೆ ಮೊಮ್ಮಗಳ ಮದುವೆ. ತುಮಕೂರು ರಸ್ತೆಯ ದೊಡ್ಡ ಕಲ್ಯಾಣ ಮಂಟಪ. ಇನ್‌ಸ್ಪೆಕ್ಟರ್ ಬಾಗಿಲಲ್ಲಿ ನಿಂತು ಬಂದವರ ಕೈ ಹಿಡಿದು ಸ್ವಾಗತಿಸುವುದೆಂದು ತೀರ್ಮಾನವಾಗಿತ್ತು. ಆ ಧೈರ್ಯ ಕೊಟ್ಟದ್ದು ಟರ್ನರ್ ರಕ್ತ.

"ಅವನು ಆ ಚೀಟಿನ ಪರ್ಸಲ್ಲಿ ಇಟ್ಕೊಂಡು ಓಡಾಡ್ತಾನಮ್ಮ. ಹೆಂಗೆ ಹೇಳ್ಲಿ? ಮದುವೆ ಒಂದು ಮುಗೀಲಿ, ನಾನೇ ಹೇಳ್ತೀನಿ. ನಿನ್ನ ಕೈ ಮುಗೀತೀನಿ," ಎಂದರು ಟರ್ನರ್.

ಅತ್ತ ದರಿ, ಇತ್ತ ಪುಲಿ. ಹೇಳದಿದ್ದರೆ ಮದುವೆ ಮನೆಯಲ್ಲಿ ನಗು ಇರುತ್ತದೆ, ನನ್ನ ಕೆಲಸ ಉಳಿಯುತ್ತದೆ, ಪಟ್ಟಿಯಿಂದ ಒಂದು ನಂಬರು ಸದ್ದಿಲ್ಲದೆ ಹೋಗುತ್ತದೆ. ಆ ಪಾರ್ಕಿನ ಕಲ್ಲು ಬೆಂಚಿನ ಮೇಲೆ ನಾನು ಇದನ್ನೆಲ್ಲ ಲೆಕ್ಕ ಹಾಕಿದ್ದು ನಿಜ. ನಾಚಿಕೆಯಾಗುತ್ತದೆ, ಆದರೆ ಹಾಕಿದೆ. ಕೊನೆಗೆ ನನ್ನನ್ನು ಎಬ್ಬಿಸಿದ್ದು ಅಧ್ಯಯನದ ಚಿಂತೆಯಲ್ಲ. ಆ ಚೀಟಿಯ ಕೆಳಗೆ ರಕ್ತ ತೆಗೆದವರು ಎಂಬ ಜಾಗದಲ್ಲಿ ನನ್ನ ಸಹಿ ಇತ್ತು. ಇನ್ನೊಬ್ಬರ ಪರ್ಸಿನಲ್ಲಿ ನನ್ನ ಸಹಿ ಸುಳ್ಳು ಧೈರ್ಯ ಹೇಳಿಕೊಂಡು ಕೂತಿತ್ತು. ಆಗುವುದಿಲ್ಲ ಸಾರ್, ಇವತ್ತೇ ಹೇಳಬೇಕು ಎಂದೆ. ಅವರು ನನ್ನನ್ನು ಬೈಯಲಿಲ್ಲ. ಮಡಿಚಿದ ಷರ್ಟಿನ ತೋಳನ್ನು ಇಳಿಸಿ ಗುಂಡಿ ಹಾಕಿಕೊಂಡರು.

ಮೊದಲು ಡಾಕ್ಟರ್ ಮೇಡಂ ಹತ್ತಿರ ಹೋದೆ. ನೋಟ್‌ಬುಕ್ ಮುಂದಿಟ್ಟು, ಕೈಪಿಡಿಯಂತೆ ಹೆಸರು ಹೇಳಿಸದೇ ಇದ್ದದ್ದರಿಂದ ಹಿಡಿದು ನಾನೇ ಹುಟ್ಟಿಸಿದ ನಿಯಮದವರೆಗೆ ಎಲ್ಲ ಒಪ್ಪಿಸಿದೆ. ಅವರು ಕನ್ನಡಕ ತೆಗೆದು ಮೇಜಿನ ಮೇಲಿಟ್ಟರು.

"ಇನ್ನೂ ಎಷ್ಟು ಜನ ಹೀಗೆ ಮಾಡಿರ್ಬಹುದು?"

"ಗೊತ್ತಿಲ್ಲ ಮೇಡಂ. ಗೊತ್ತಿಲ್ಲ ಅನ್ನೋದಕ್ಕೇ ಬಂದೆ."

ಒಬ್ಬರ ರಕ್ತ ಇನ್ನೊಬ್ಬರದಾಗಿದೆ ಎಂದರೆ ಆ ಸುತ್ತಿನ ಯಾವ ಟ್ಯೂಬನ್ನೂ ನಂಬುವ ಹಾಗಿಲ್ಲ. ಇಡೀ ಮೂರನೇ ಸುತ್ತನ್ನು ಬದಿಗಿಟ್ಟು, ಅಧ್ಯಯನದ ಮೇಲೆ ಕಣ್ಣಿಡುವ ನೈತಿಕ ಸಮಿತಿಗೆ ಪತ್ರ ಬರೆದು, ಎಲ್ಲರನ್ನೂ ಮತ್ತೆ ಕರೆಯಬೇಕು. ಎಂಟು ತಿಂಗಳ ರಕ್ತವನ್ನು ಹತ್ತನೇ ತಿಂಗಳಲ್ಲಿ ತೆಗೆಯಲಾಗದು, ಆ ಕಾಲ ಹೋಯಿತು. ಎಂಟನೇ ತಿಂಗಳಲ್ಲಿ ರಕ್ಷಣೆ ಎಷ್ಟು ಉಳಿದಿತ್ತು ಎಂಬ ಪ್ರಶ್ನೆಗೆ ನಮ್ಮ ಹತ್ತಿರ ಉತ್ತರವೇ ಇರುವುದಿಲ್ಲ. ಇದೆಲ್ಲ ಅವರಿಗೆ ನನಗಿಂತ ಚೆನ್ನಾಗಿ ಗೊತ್ತಿತ್ತು. ನನಗೆ ಲಿಖಿತ ಎಚ್ಚರಿಕೆ ಕೊಡಬೇಕಾಗುತ್ತದೆ ಎಂದರು. ಕೊಡಿ ಎಂದೆ. ಮೊದಲು ಆ ಮನೆಗೆ ಹೋಗಿ ಬಾ ಎಂದು ಕಳಿಸಿದರು.

ಇನ್‌ಸ್ಪೆಕ್ಟರ್ ಮನೆಯ ಮುಂದೆ ಆಗಲೇ ಚಪ್ಪರದ ಗಳುಗಳು ಬಂದು ಬಿದ್ದಿದ್ದವು. ಅವರ ಹೆಂಡತಿ ಮದುವೆಗೆ ಕರೆಯುವ ಮೊದಲೇ ಬಂದ್ರಲ್ಲಮ್ಮ ಎಂದು ಒಳಗೆ ಕೂರಿಸಿದರು. ಟರ್ನರ್ ನನ್ನ ಹಿಂದೆಯೇ ಬಂದು ಬಾಗಿಲ ಹತ್ತಿರ ನಿಂತರು, ಕೂರಲಿಲ್ಲ. ನಾನು ಆ ಚೀಟಿ ನಿಮ್ಮದಲ್ಲ ಸಾರ್ ಎಂದು ಶುರುಮಾಡಿದೆ. ಉಳಿದದ್ದನ್ನು ಟರ್ನರ್ ತಾವೇ ಹೇಳಿದರು, ನೆಲ ನೋಡಿಕೊಂಡು.

ಇನ್‌ಸ್ಪೆಕ್ಟರ್ ಪರ್ಸ್ ತೆಗೆದರು. ನಾಲ್ಕು ಮಡಿಕೆಯ ಚೀಟಿಯನ್ನು ಬಿಡಿಸಿ ಕಣ್ಣ ಹತ್ತಿರ ಹಿಡಿದು ನೋಡಿದರು. ಹೆಂಡತಿ ಬಾಯಿಗೆ ಸೆರಗು ಒತ್ತಿಕೊಂಡಿದ್ದರು. ಇನ್‌ಸ್ಪೆಕ್ಟರ್ ಚೀಟಿಯನ್ನು ಟರ್ನರ್ ಕಡೆ ಚಾಚಿದರು.

"ತಗೋ, ನಿನ್ನ ಮಾಲು. ಮೂವತ್ ವರ್ಷದಲ್ಲಿ ನೀನು ಕಡೆದಿದ್ದು ಸರಿಯಿಲ್ಲ ಅಂದ್ರೆ ನಾನು ಒಂದ್ ಸಲಾನೂ ಪಾಸ್ ಮಾಡಿಲ್ಲ. ಈಗ ಮಾಡ್ತೀನಿ ಅಂತ ಹೆಂಗೋ ಅಂದ್ಕೊಂಡೆ?"

ಅವರ ಬಾಯಿಂದ ನಾನು ಅಷ್ಟು ಉದ್ದದ ಮಾತು ಕೇಳಿದ್ದು ಅದೇ ಮೊದಲು. ಟರ್ನರ್ ಅತ್ತುಬಿಟ್ಟರು. ಗಂಡಸರು ಹಾಗೆ ಅಳುವುದನ್ನು ನಾನು ಹೆಚ್ಚು ನೋಡಿಲ್ಲ. ಇನ್‌ಸ್ಪೆಕ್ಟರ್ ಅವರನ್ನು ಸಮಾಧಾನ ಮಾಡಲಿಲ್ಲ. ನನ್ನ ಕಡೆ ತಿರುಗಿ ಕೈ ಚಾಚಿ, ಈಗ ನನ್ನದು ತೆಗಿ ಎಂದರು. ಹೆಸರು ಹೇಳಿ ಸಾರ್ ಎಂದೆ. ಹೇಳಿದರು. ಹುಟ್ಟಿದ ವರ್ಷ ಎಂದೆ. ಹೇಳಿದರು. ನರ ಸಿಗಲಿಲ್ಲ. ಅವರ ಹೆಂಡತಿ ಬಿಸಿನೀರಿನಲ್ಲಿ ಬಟ್ಟೆ ಅದ್ದಿ ತಂದರು. ಮೂರನೇ ಚುಚ್ಚಿಗೆ, ಅಂಗೈ ಹಿಂಬದಿಯಲ್ಲಿ, ರಕ್ತ ಎಳೆ ಎಳೆಯಾಗಿ ಬಂತು.

ಅವರ ನಿಜವಾದ ಸಂಖ್ಯೆ ಇಲ್ಲವೆನ್ನುವಷ್ಟು ಕಡಿಮೆ ಇತ್ತು. ಡಾಕ್ಟರ್ ಮೇಡಂ ತಾವೇ ಫೋನ್ ಮಾಡಿ ಅವರ ಆಸ್ಪತ್ರೆಯವರ ಹತ್ತಿರ ಮಾತಾಡಿದರು. ಮದುವೆಗೆ ಹೋಗಬೇಡಿ ಎಂದು ಯಾರೂ ಹೇಳಲಿಲ್ಲ, ಹೇಳುವ ಧೈರ್ಯ ನನಗಂತೂ ಇರಲಿಲ್ಲ. ಅವರೇ ತೀರ್ಮಾನ ಮಾಡಿದರು. ಹಿಂದಿನ ಸಂಜೆಯ ರಿಸೆಪ್ಷನ್ ಬೇಡ, ಊಟದ ಪಂಕ್ತಿ ಬೇಡ, ಮುಹೂರ್ತದ ಹೊತ್ತಿಗೆ ಮಾತ್ರ. ಮಂಟಪದ ಪಕ್ಕದ ಬಾಗಿಲ ಹತ್ತಿರ, ಗಾಳಿ ಬರುವ ಕಡೆ, ಬಿಗಿಯಾದ ಮಾಸ್ಕ್ ಹಾಕಿಕೊಂಡು ಕೂತಿದ್ದರು. ಟರ್ನರ್ ಎದುರಿಗೆ ಗೋಡೆಯ ಹಾಗೆ ನಿಂತು, ಕೈ ಹಿಡಿಯಲು ಬಂದ ನೆಂಟರನ್ನೆಲ್ಲ ದೂರದಿಂದಲೇ ನಮಸ್ಕಾರ ಹಾಕಿಸಿ ಕಳಿಸುತ್ತಿದ್ದರು. ಧಾರೆಯಾದ ಮೇಲೆ ಮೊಮ್ಮಗಳು ತಾನೇ ಇಳಿದು ಬಂದು ಅವರ ಕಾಲು ಮುಟ್ಟಿದಳು. ನಾನು ಹೋಗಿದ್ದೆ, ನೋಡಿದೆ.

ಮದುವೆಯಾದ ಐದನೇ ದಿನ ಅವರಿಗೆ ಜ್ವರ ಬಂತು. ಹಿಂದಿನ ಚೀಟಿ ಪರ್ಸಿನಲ್ಲಿದ್ದಿದ್ದರೆ ಕಷಾಯ ಕುಡಿದು ಮೂರು ದಿನ ಮಲಗಿರುತ್ತಿದ್ದರು ಎಂದು ಅವರ ಹೆಂಡತಿ ಆಮೇಲೆ ನನಗೆ ಹೇಳಿದರು. ಅವತ್ತು ಜ್ವರ ಕಂಡ ಒಂದು ತಾಸಿನಲ್ಲಿ ಟರ್ನರ್ ಅವರನ್ನು ಆಟೋದಲ್ಲಿ ಕೂರಿಸಿಕೊಂಡು ಆಸ್ಪತ್ರೆಗೆ ಹೋದರು. ಪರೀಕ್ಷೆಯಲ್ಲಿ ಕೋವಿಡ್ ಎಂದು ಬಂತು. ಮಾತ್ರೆ ಅಂದೇ ಶುರುವಾಯಿತು. ಹನ್ನೆರಡನೇ ದಿನ ಅವರು ನಡೆದುಕೊಂಡು ಮನೆಗೆ ಬಂದರು.

ಅಷ್ಟರಲ್ಲಿ ನಾವು ಎಲ್ಲರ ರಕ್ತವನ್ನೂ ಮತ್ತೆ ತೆಗೆದಿದ್ದೆವು. ಸಂಘದ ಸಭೆಯಲ್ಲಿ ನಿಂತು, ಹೆಸರು ಹೊಡೆದುಹಾಕುವ ನಿಯಮ ಇಲ್ಲವೇ ಇಲ್ಲ, ಅದು ನನ್ನ ಬಾಯಿಚಪಲ ಎಂದು ಹೇಳಿದೆ. ಬರಲಾಗದಿದ್ದರೆ ಬರಲಾಗಲಿಲ್ಲ ಎಂದು ಹೇಳಿ, ನಮಗೆ ಅದೂ ಒಂದು ಮಾಹಿತಿಯೇ ಎಂದೆ. ಹಿಂದಿನ ಸಾಲಿನಿಂದ ಇನ್ನಿಬ್ಬರು ಮೆಲ್ಲಗೆ ಕೈ ಎತ್ತಿದರು. ಒಬ್ಬರು ತಮ್ಮನನ್ನು ಕಳಿಸಿದ್ದರು, ಇನ್ನೊಬ್ಬರು ಪಕ್ಕದ ಮನೆಯವರನ್ನು. ಡಾಕ್ಟರ್ ಮೇಡಂ ನನ್ನ ಮುಖ ನೋಡಿದರು. ಕಾರ್ಡುಗಳಿಗೆ ಫೋಟೋ ಬಂತು. ಹೆಸರು, ಹುಟ್ಟಿದ ವರ್ಷ ಹೇಳಿಸದೆ ನಾನು ಇವತ್ತಿಗೂ ಪಟ್ಟಿ ಕಟ್ಟುವುದಿಲ್ಲ. ಸಾಲಿನಲ್ಲಿ ನಿಂತವರು ಗೊಣಗಿದರೂ ಸರಿ.

ನಾಲ್ಕನೇ ಸುತ್ತನ್ನು ಎರಡು ತಿಂಗಳು ಮುಂದಕ್ಕೆ ಹಾಕಿದ್ದೆವು. ಜೂನ್ ತಿಂಗಳ ಒಂದು ಶನಿವಾರ, ಹೊರಗೆ ಸಣ್ಣಗೆ ಹನಿಯುತ್ತಿತ್ತು. ಟರ್ನರ್ ಒದ್ದೆ ಜರ್ಕಿನ್ ಬಿಚ್ಚಿ ಕುರ್ಚಿಯ ಮೇಲೆ ಕೂತು ತಾವಾಗಿಯೇ ಹೆಸರು, ಹುಟ್ಟಿದ ವರ್ಷ ಹೇಳಿದರು. ಹರಟಲಿಲ್ಲ. ಬಲಗೈ, ಮಾಮೂಲಿ ಸೂಜಿ, ಒಂದೇ ಸಲ. ಹತ್ತಿ ಒತ್ತಿ ಟೇಪ್ ಅಂಟಿಸಿದೆ. ಅವರು ಏಳಲಿಲ್ಲ. ಎಡಗೈಯನ್ನು ಜೇಬಿಗೆ ಹಾಕಿ ಇನ್ನೊಂದು ಹಸಿರು ಕಾರ್ಡು ತೆಗೆದು ನನ್ನ ಮೇಜಿನ ಮೇಲಿಟ್ಟರು. ಫೋಟೋದಲ್ಲಿ ಇನ್‌ಸ್ಪೆಕ್ಟರ್ ಎಂದಿನಂತೆ ಬಾಯಿ ಮುಚ್ಚಿಕೊಂಡಿದ್ದರು.

ಅವರು ತೀರಿಕೊಂಡು ಹತ್ತೊಂಬತ್ತು ದಿನವಾಗಿತ್ತು. ಕೋವಿಡ್ ಅಲ್ಲ, ಅವರ ರಕ್ತದ ಕಾಯಿಲೆಯೇ ಒಮ್ಮೆಗೇ ಜೋರಾಗಿತ್ತು. ಮಣ್ಣಿಗೆ ನಾನೂ ಹೋಗಿದ್ದೆ.

ಟರ್ನರ್ ನನ್ನ ರಿಜಿಸ್ಟರಿನ ಮೇಲೆ ಬೆರಳಿಟ್ಟು ಆ ನಂಬರಿನ ಸಾಲು ಹುಡುಕಿದರು. ಸಿಕ್ಕಿದ ಮೇಲೆ ಬೆರಳು ತೆಗೆಯದೆ ಹೇಳಿದರು.

"ಇವತ್ತು ಅವನು ಆಬ್ಸೆಂಟ್ ಅಂತ ಬರ್ಕೊಳಮ್ಮ."

ಬರೆದುಕೊಂಡೆ. ಅಕ್ಷರ ಸರಿಯಾಗಿ ಮೂಡಿದೆಯೇ ಎಂದು ಅವರು ಬಗ್ಗಿ ನೋಡಿದರು. ಆಮೇಲೆ ಎದ್ದು, ತಮ್ಮ ಕಾರ್ಡನ್ನು ಮಾತ್ರ ಜೇಬಿಗೆ ಹಾಕಿಕೊಂಡು ಹೋದರು.